ಒಂದಡಿಗೆ ಒಂದಂಗುಲ

ಆಟಿಕೆಯ ಗಾಡಿಯೊಂದರ ಮಾತಿನಿಂದ ಚರಿತ್ರೆಯ ಲೇಖನವನ್ನು ಆರಂಭಿಸಿದರೆ ವಾಚಕರು ನಗಬಹುದು. ನಗಲಿ, ನಾನೂ ಒಂದು ನಗೆಯಿಂದಲೇ ಈ ವಿಷಯಕ್ಕೆ ಬಂದವನು.

ಎರಡು ವರ್ಷಗಳ ಹಿಂದೆ ನಮ್ಮ ಪ್ರೌಢಶಾಲೆಯ ವಸ್ತುಪ್ರದರ್ಶನಕ್ಕಾಗಿ ಕೆಲವು ಹುಡುಗರು ಹಳೆಯ ಪಿಕಪ್ ಗಾಡಿಯೊಂದರ ಚಿಕ್ಕ ಮಾದರಿಯನ್ನು ಮಾಡಬೇಕೆಂದು ಹೊರಟರು. ತರೀಕೆರೆಯ ಅಡಿಕೆ ವ್ಯಾಪಾರಿಯೊಬ್ಬರ ಹಿತ್ತಿಲಲ್ಲಿ, ಹುಣಿಸೆಮರದ ಕೆಳಗೆ, ಬಹುಕಾಲದಿಂದ ನಿಂತಿದ್ದ ಷೆವರ್ಲೆ ಗಾಡಿ ಅದು. ಮುಂದೆ ಡ್ರೈವರ್ ಕೂರುವ ಗೂಡು, ಹಿಂದೆ ಸಾಮಾನು ಹೇರುವ ತೆರೆದ ಪೆಟ್ಟಿಗೆ. ಹುಡುಗರಿಗೆ ಮರಗೆಲಸ ಕಲಿಸುವವರು ಯಾರೂ ಇರಲಿಲ್ಲವಾಗಿ ಕನ್ನಡ ಪಂಡಿತನಾದ ನನ್ನನ್ನೇ ಮುಂದೆ ಮಾಡಿಕೊಂಡರು. ನಾನು ಪಂಡಿತರು ಸಾಮಾನ್ಯವಾಗಿ ಮಾಡುವ ತಪ್ಪನ್ನೇ ಮಾಡಿದೆ. ವಸ್ತುವನ್ನು ನೋಡುವ ಮೊದಲು ಪುಸ್ತಕವನ್ನು ನೋಡಿದೆ. ಅದೇ ಕಂಪನಿಯ, ಅದೇ ಕಾಲದ ಗಾಡಿಯ ಚಿತ್ರ ಅಮೆರಿಕದ ಪುಸ್ತಕವೊಂದರಲ್ಲಿ ಸಿಕ್ಕಿತು. ಅದನ್ನು ನೋಡಿಕೊಂಡು ರಟ್ಟು, ತಗಡುಗಳಿಂದ ಅಚ್ಚುಕಟ್ಟಾದ ಮಾದರಿಯೊಂದನ್ನು ಮಾಡಿ ಮೇಜಿನ ಮೇಲೆ ಇಟ್ಟೆವು.

ಆ ಗಾಡಿಯನ್ನು ಹಿಂದೆ ಓಡಿಸುತ್ತಿದ್ದ ವೃದ್ಧರು ಪ್ರದರ್ಶನಕ್ಕೆ ಬಂದರು. ಮಾದರಿಯನ್ನು ಸುತ್ತಲೂ ನೋಡಿ ನಕ್ಕುಬಿಟ್ಟರು.

“ಚೆನ್ನಾಗೈತೆ ಮೇಷ್ಟ್ರೇ. ಆದ್ರೆ ಇದು ನಮ್ಮ ಗಾಡಿ ಅಲ್ಲ. ಸ್ಟೇರಿಂಗು ಎಡಗಡೆ ಇಟ್ಟಿದ್ದೀರಲ್ಲ, ನಾನೆಲ್ಲಿ ಕೂತ್ಕೊಳ್ಳಲಿ?”

ಅವರ ಜೊತೆಯಲ್ಲಿದ್ದ ಬಡಗಿ ಆಚಾರ್ಯರು ನಗಲಿಲ್ಲ. ಹಿಂದಿನ ತಗಡಿನ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ, “ಇದು ಮರದ್ದು ಸ್ವಾಮಿ. ನಮ್ಮ ತಂದೇರು ಕಟ್ಟಿದ್ದು” ಎಂದರು.

ಚರಿತ್ರೆಯ ಪಾಠವಾಗಿ ನಾನು ಕೇಳಿದ ಮಾತುಗಳಲ್ಲಿ ಇಷ್ಟು ಚಿಕ್ಕದೂ ಇಷ್ಟು ನೇರವೂ ಆದದ್ದು ಮತ್ತೊಂದಿಲ್ಲ. ಕಂಪನಿಯ ಗಾಡಿ ಬೇರೆ, ಊರಿನ ಗಾಡಿ ಬೇರೆ. ನಮ್ಮ ರಸ್ತೆಗಳ ಮೇಲೆ ಓಡಿದ ಹಳೆಯ ಗಾಡಿಗಳಲ್ಲಿ ಅರ್ಧ ಪರದೇಶದ್ದು, ಅರ್ಧ ನಮ್ಮ ಬಡಗಿ ಕಮ್ಮಾರರದು. ಪರದೇಶದ ಅರ್ಧವು ಪುಸ್ತಕಗಳಲ್ಲಿ ಉಳಿದಿದೆ. ನಮ್ಮವರ ಅರ್ಧವು ಎಲ್ಲಿ ಉಳಿದಿದೆ? ಈ ಪ್ರಶ್ನೆಯನ್ನು ಹಿಡಿದು ನಾವು ಎರಡನೆಯ ಮಾದರಿಗೆ ಕೈಹಾಕಿದೆವು. ಅದರ ಕಥೆಯನ್ನು ಹೇಳುವ ಮೊದಲು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಭಾರ ಹೊತ್ತು ನಡೆದ ಚಕ್ರಗಳ ವೃತ್ತಾಂತವನ್ನು ತುಸು ನೋಡೋಣ. ಬಡಗಿಯ ಪೆಟ್ಟಿಗೆ ಮೋಟಾರಿನ ಬೆನ್ನೇರಿದ್ದು ಹೇಗೆಂಬುದು ಆಗ ತಿಳಿಯುತ್ತದೆ.

ಅಜ್ಜಂಪುರವೆಂದರೆ ರೈತರಿಗೆ ಮೊದಲು ನೆನಪಾಗುವುದು ಅಮೃತಮಹಲ್ ತಳಿಯ ದನಗಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1672ರಿಂದ 1704ರ ವರೆಗಿನ ಆಳ್ವಿಕೆಯಲ್ಲಿ, ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರಿತ್ತು. ಟಿಪ್ಪು ಸುಲ್ತಾನನು ಅದನ್ನು ‘ಅಮೃತಮಹಲ್’ ಎಂದು ಬದಲಾಯಿಸಿದನು. ಹೆಸರು ಹಾಲು ಬೆಣ್ಣೆಯದು. ಕೆಲಸ ಮಾತ್ರ ಫಿರಂಗಿ ಎಳೆಯುವುದು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಮೂಲಗಳಿಂದ ಬೆಳೆದ ಈ ಎತ್ತುಗಳು ವೇಗಕ್ಕೂ ಸಹನೆಗೂ ಹೆಸರಾದವು. ಚಿದಂಬರದ ಕಡೆಗೆ ಹೈದರಾಲಿಯ ಸೈನ್ಯವು ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದುದಕ್ಕೆ ಇವೇ ಕಾರಣವೆಂದು ಹಳೆಯ ಮೈಸೂರು ಗೆಜೆಟಿಯರು ಹೇಳುತ್ತದೆ. 1799ರ ಅನಂತರ ಇದೇ ಎತ್ತುಗಳು ಬ್ರಿಟಿಷರ ಫಿರಂಗಿಗಳನ್ನು ಎಳೆದವು. ಮುಂದೆ ವೆಲಿಂಗ್ಟನ್ ಪ್ರಭುವಾದ ಆರ್ಥರ್ ವೆಲ್ಲೆಸ್ಲಿಯು ಸ್ಪೇನಿನ ಯುದ್ಧದಲ್ಲಿ ಇಂಥ ಎತ್ತುಗಳು ತನಗಿಲ್ಲವಲ್ಲ ಎಂದು ಹಳಹಳಿಸಿದನೆಂಬ ಮಾತು ಪ್ರಸಿದ್ಧವಾಗಿದೆ.

ಎತ್ತು ಅಜ್ಜಂಪುರದ್ದಾದರೆ ಗಾಡಿಯ ಮರ ತರೀಕೆರೆಯ ಕಡೆಯದು. ತರೀಕೆರೆಯು ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಹೊಸ್ತಿಲು. ಲಕ್ಕವಳ್ಳಿಯ ಕಾಡಿನಲ್ಲಿ ತೇಗ, ಮತ್ತಿ, ಹೊನ್ನೆ. ಕಡೂರಿನ ಒಣಬಯಲಿನಲ್ಲಿ ಗಟ್ಟಿಯಾದ ಕರಿಜಾಲಿ. ಗಾಡಿಯ ಚಕ್ರವನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ನಡುವೆ ಗುಂಬ, ಗುಂಬದಿಂದ ಹೊರಟ ಅರೆಗಳು, ಅರೆಗಳನ್ನು ಬಳಸಿದ ಮರದ ಬಳೆ, ಅದರ ಮೇಲೆ ಕಬ್ಬಿಣದ ಹಳಿ. ಕಮ್ಮಾರನು ಹಳಿಯನ್ನು ಚಕ್ರಕ್ಕಿಂತ ತುಸು ಕಿರಿದಾಗಿಯೇ ಮಾಡುತ್ತಾನೆ. ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಕೆಂಪಗಿರುವಾಗಲೇ ತೊಡಿಸಿ, ನೀರು ಹೊಯ್ಯುತ್ತಾನೆ. ಹಳಿ ಕುಗ್ಗುತ್ತಾ ಚಕ್ರದ ಸಂದುಗಳನ್ನೆಲ್ಲ ಬಿಗಿಯುತ್ತದೆ. ಇರಸು, ಕಡಾಣಿ, ಮೂಕಿ, ನೊಗ ಎಂಬ ಮಾತುಗಳು ನಮ್ಮ ಮಕ್ಕಳಿಗೆ ಈಗ ಗಾದೆಗಳಲ್ಲಿ ಮಾತ್ರ ಸಿಕ್ಕುತ್ತವೆ. ಆದರೆ ಒಂದು ಕಾಲಕ್ಕೆ ಈ ಮೂರು ಊರುಗಳ ಬಡಗಿಗೆ ಇವು ನಿತ್ಯದ ಅನ್ನವಾಗಿದ್ದವು.

ಇನ್ನು ಕಡೂರು. 1947ರ ವರೆಗೆ ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರು. ಆದರೆ ಕಚೇರಿಗಳು 1865ರಲ್ಲಿಯೇ ಚಿಕ್ಕಮಗಳೂರಿಗೆ ಹೋಗಿದ್ದವು. ಕಡೂರಿಗೆ ಹೆಸರೊಂದೇ ಉಳಿದಿತ್ತು. 1889ರ ವೇಳೆಗೆ ಬೆಂಗಳೂರು–ಹರಿಹರ ರೈಲುದಾರಿ ಪೂರ್ತಿಯಾದಾಗ ಕಡೂರಿಗೆ ಮತ್ತೊಂದು ಬಗೆಯ ಮಹತ್ವ ಬಂತು. ಅಜ್ಜಂಪುರವೂ ಅದೇ ದಾರಿಯ ಮೇಲಿದೆ. ಬೀರೂರಿನಿಂದ ಕವಲೊಡೆದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುವ ದಾರಿ 1899ರಲ್ಲಿ ತೆರೆಯಿತು. ಚಿಕ್ಕಮಗಳೂರಿಗೆ ಮಾತ್ರ ರೈಲು ಬಂದದ್ದು 2013ರಲ್ಲಿ. ಅಲ್ಲಿಯವರೆಗೆ ಜಿಲ್ಲೆಯ ಮುಖ್ಯಪಟ್ಟಣವು ಕಡೂರು ನಿಲ್ದಾಣದಿಂದ ಸುಮಾರು 25 ಮೈಲಿ ದೂರದಲ್ಲಿಯೇ ಇತ್ತು. ಆ ದೂರವನ್ನು ತುಂಬಿದ್ದು ಮೊದಲು ಎತ್ತಿನ ಗಾಡಿ, ಆಮೇಲೆ ಮೋಟಾರು. ರೈಲು ಬಂದರೆ ಗಾಡಿಗೆ ಕೆಲಸ ತಪ್ಪುತ್ತದೆಂದು ನಾವು ಭಾವಿಸುತ್ತೇವೆ. ಹಾಗಲ್ಲ, ರೈಲು ನಿಲ್ದಾಣದವರೆಗೆ ಮೂಟೆಯನ್ನು ತರುವವರು ಬೇಕಲ್ಲವೆ? ರೈಲು ಬಂದ ಊರಿನಲ್ಲಿ ಗಾಡಿಗಳು ಹೆಚ್ಚುತ್ತವೆ.

ತರೀಕೆರೆಗೆ ಇನ್ನೊಂದು ಸೊಗಸೂ ಇತ್ತು. ಇಲ್ಲಿಂದ ನರಸಿಂಹರಾಜಪುರಕ್ಕೆ, ಎಂದರೆ 1915ರ ವರೆಗೆ ಯಡೇಹಳ್ಳಿ ಎನ್ನಿಸಿಕೊಂಡಿದ್ದ ಊರಿಗೆ, ಕಿರಿದಾದ ಹಳಿಗಳ ಮೇಲೆ ಟ್ರಾಮು ಓಡುತ್ತಿತ್ತು. ಅದು ಈಗಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ ಮೇಲೆ ಕೆಮ್ಮಣ್ಣುಗುಂಡಿಯ ಅದಿರು, ಕಾಡಿನ ಸೌದೆ, ಇದ್ದಿಲು ಎಲ್ಲವೂ ಇಳಿದುಬಂದವು. ಹೀಗೆ ತೊಂದರೆಯ ಏರುದಾರಿ, ಭಾರವಾದ ಸರಕು, ಕೈಬಲ್ಲ ಬಡಗಿ, ಕಾದ ಕಬ್ಬಿಣವನ್ನು ಬಲ್ಲ ಕಮ್ಮಾರ ಈ ನಾಲ್ಕೂ ಒಂದೆಡೆ ಕೂಡಿದ್ದ ಸೀಮೆಗೆ ಮೋಟಾರು ಬಂದಿತು.

ಬಂದದ್ದು ಹೇಗೆ? ಇದನ್ನು ತಿಳಿಯಲು ಒಮ್ಮೆ ಅಮೆರಿಕಕ್ಕೆ ಹೋಗಿಬರಬೇಕು. ಹೆನ್ರಿ ಫೋರ್ಡನ ಪ್ರಸಿದ್ಧವಾದ ‘ಟಿ’ ಮಾದರಿಯ ಕಾರು 1908ರಲ್ಲಿ ಹೊರಬಂತು. ಅದನ್ನು ಕೊಂಡ ರೈತರು ಹಿಂಭಾಗಕ್ಕೆ ತಮ್ಮೂರ ಬಡಗಿಗಳಿಂದ ಪೆಟ್ಟಿಗೆ ಕಟ್ಟಿಸಿ ತರಕಾರಿ, ಹಾಲಿನ ಕ್ಯಾನುಗಳನ್ನು ಹೇರತೊಡಗಿದರು. 1917ರಲ್ಲಿ ಫೋರ್ಡ್ ಕಂಪನಿಯು ಒಂದು ಟನ್ ಭಾರದ ‘ಟಿಟಿ’ ಲಾರಿಯನ್ನು ಮಾಡಿದಾಗಲೂ ಮಾರಿದ್ದು ಬರಿಯ ಷಾಸಿಯನ್ನು, ಎಂದರೆ ಎಂಜಿನು, ಚಕ್ರ, ಕಬ್ಬಿಣದ ಚೌಕಟ್ಟುಗಳನ್ನು ಮಾತ್ರ. ಮೇಲಿನದು ಕೊಂಡವನ ಪಾಡು. ಕಾರ್ಖಾನೆಯಲ್ಲಿಯೇ ಪೆಟ್ಟಿಗೆ ಕೂಡಿಸಿದ ಮೊದಲ ಫೋರ್ಡ್ ಪಿಕಪ್ ಮಾರಾಟಕ್ಕೆ ಬಂದದ್ದು 1925ರಲ್ಲಿ, 281 ಡಾಲರಿಗೆ. ಆದ್ದರಿಂದ ಪಿಕಪ್ ಎಂಬುದು ಹುಟ್ಟಿನಿಂದಲೇ ಬಡಗಿಯ ಕೂಸು. ಕಂಪನಿ ಅದನ್ನು ದತ್ತು ತೆಗೆದುಕೊಂಡಿತು ಎಂದರೆ ತಪ್ಪಾಗದು. ಆ ಕಾಲದ ಕಾರುಗಳ ಮರದ ಅರೆಗಳ ಚಕ್ರವನ್ನು ಇಂಗ್ಲಿಷಿನಲ್ಲಿ ಫಿರಂಗಿ ಚಕ್ರವೆಂದೇ ಕರೆಯುತ್ತಿದ್ದರು. ಫಿರಂಗಿಯ ಬಂಡಿಯಿಂದ ಕಾರಿಗೆ ಬಂದ ಚಕ್ರ ಅದು. ಅಮೃತಮಹಲ್ ಎತ್ತುಗಳು ಎಳೆದ ಬಂಡಿಯ ಬಂಧುವೊಂದು ಕಡಲು ದಾಟಿ ನಮ್ಮೂರಿಗೆ ಮರಳಿತೆಂದುಕೊಳ್ಳೋಣ.

ನಮ್ಮ ದೇಶದಲ್ಲಿ ಜನರಲ್ ಮೋಟಾರ್ಸ್ ಕಂಪನಿಯು 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಷೆವರ್ಲೆ ಗಾಡಿಗಳನ್ನು ಜೋಡಿಸಲು ಆರಂಭಿಸಿತು. ಕೊಂಡವರು ಬಹುಮಟ್ಟಿಗೆ ಷಾಸಿಯನ್ನು ಕೊಂಡು ಊರಿಗೆ ತಂದು ‘ಬಾಡಿ ಕಟ್ಟಿಸು’ತ್ತಿದ್ದರು. ಈ ಮಾತನ್ನು ಗಮನಿಸಿ. ಮನೆ ಕಟ್ಟಿಸುತ್ತೇವೆ, ಕೆರೆ ಕಟ್ಟಿಸುತ್ತೇವೆ, ಲಾರಿಗೆ ಬಾಡಿ ಕಟ್ಟಿಸುತ್ತೇವೆ. ಮಾತು ಅರ್ಧ ಇಂಗ್ಲಿಷಾದರೂ ಕ್ರಿಯಾಪದ ನಮ್ಮದು. ಗಾಡಿಯೂ ಹಾಗೆಯೇ. ಎತ್ತಿನ ಗಾಡಿಯ ತೊಲೆಗೆ ಹಲಗೆ ಕೂಡಿಸುತ್ತಿದ್ದ ಕೈಯೇ ಷಾಸಿಯ ಮೇಲೆ ಅಡ್ಡತೊಲೆಗಳನ್ನು ಇಟ್ಟು ಹಲಗೆ ಹಾಸಿತು. ಅಡಿಕೆಯ ಮೂಟೆಗಾದರೆ ಎತ್ತರದ ಪಕ್ಕದ ಹಲಗೆ. ಕಲ್ಲು ಮಣ್ಣಿಗಾದರೆ ಗಿಡ್ಡ. ಕೂಲಿಯವರನ್ನು ಕೂರಿಸಬೇಕಾದರೆ ಎರಡು ಬದಿಗೂ ಬೆಂಚು. ಎರಡು ಗಾಡಿಗಳು ಒಂದೇ ತೆರನಾಗಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಅಭಾವ ಬಂದಾಗ ನಮ್ಮವರು ಮೋಟಾರಿನ ಹೊಟ್ಟೆಗೂ ಕೈಹಾಕಿದರು. ಗಾಡಿಯ ಬೆನ್ನಿಗೆ ಉದ್ದನೆಯ ಒಲೆಯೊಂದನ್ನು ಬಿಗಿದು, ಇದ್ದಿಲನ್ನು ಸಾಲದಷ್ಟು ಗಾಳಿಯಲ್ಲಿ ಉರಿಸಿ, ಅದರಿಂದ ಹುಟ್ಟುವ ಅನಿಲವನ್ನು ಸೋಸಿ ಎಂಜಿನಿಗೆ ಊಡುವ ಉಪಾಯವದು. ಬೆಳಗ್ಗೆ ಹೊರಡುವ ಮೊದಲು ಕ್ಲೀನರನು ಒಲೆಯ ಗಾಳಿಯಂತ್ರವನ್ನು ಕೈಯಿಂದ ತಿರುಗಿಸಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ಇದ್ದಿಲು ಬಸ್ಸಿನ ಕಥೆಯೊಂದಾದರೂ ಸಿಕ್ಕೀತು. ಯುದ್ಧ ಮುಗಿಯಿತು, ಒಲೆಗಳು ಕಳಚಿದವು. 1954ರಲ್ಲಿ ಜನರಲ್ ಮೋಟಾರ್ಸ್ ಇಲ್ಲಿನ ಜೋಡಣೆಯನ್ನು ನಿಲ್ಲಿಸಿತು. ಅದೇ ವರ್ಷ ಟಾಟಾದವರ ಮರ್ಸಿಡಿಸ್ ಲಾರಿಗಳು ಬಂದವು. ಹಳೆಯ ಷೆವರ್ಲೆಗಳಿಗೆ ಬಿಡಿಭಾಗಗಳು ದುರ್ಲಭವಾದವು. ಆಮೇಲೆ ಅವು ಓಡಿದಷ್ಟು ಕಾಲವೂ ಓಡಿದ್ದು ನಮ್ಮ ಕಮ್ಮಾರರ, ಮೆಕ್ಯಾನಿಕರ ಬುದ್ಧಿಯಿಂದ.

ಅಡಿಕೆ ವ್ಯಾಪಾರಿಗಳ ಹಿತ್ತಿಲಿನಲ್ಲಿ ನಿಂತಿದ್ದುದು ಇಂಥದೊಂದು ಗಾಡಿ. ಎರಡನೆಯ ಸಲ ನಾವು ಪುಸ್ತಕವನ್ನು ಮನೆಯಲ್ಲಿ ಬಿಟ್ಟು, ದರ್ಜಿಯ ಟೇಪು, ತೂಗುಗುಂಡು, ಮೂಲೆಮಟ್ಟ, ಒಂದು ನೋಟುಪುಸ್ತಕಗಳೊಡನೆ ಅಲ್ಲಿಗೆ ಹೋದೆವು. ಆಚಾರ್ಯರು ಗುರುಗಳಾದರು, ನಾನೂ ಹುಡುಗರ ಸಾಲಿನಲ್ಲಿ ನಿಂತೆ.

ಮೊದಲ ಪ್ರಶ್ನೆ ಪ್ರಮಾಣದ್ದು. ದೊಡ್ಡದನ್ನು ಎಷ್ಟು ಪಾಲು ಕಿರಿದು ಮಾಡಬೇಕು? ಪೇಟೆಯಲ್ಲಿ ಸಿಕ್ಕುವ ಲೋಹದ ಕಾರುಗಳಲ್ಲಿ ಬಹಳಷ್ಟು 43ರಲ್ಲಿ ಒಂದು ಪಾಲಿನವು. ಅದಕ್ಕೆ ಕಾರಣ ಇಂಗ್ಲೆಂಡಿನ ಆಟದ ರೈಲುಗಳಲ್ಲಿ ಒಂದಡಿಗೆ ಏಳು ಮಿಲಿಮೀಟರಿನ ಲೆಕ್ಕವಿದ್ದುದು. 24ರಲ್ಲಿ ಒಂದು ಪಾಲೆಂದರೆ ಅಡಿಗೆ ಅರ್ಧ ಅಂಗುಲ. ಆಚಾರ್ಯರು ಇವಾವುದನ್ನೂ ಒಪ್ಪಲಿಲ್ಲ. “ಅಡಿಗೆ ಒಂದಂಗುಲ ಇಟ್ಕೊಳ್ಳಿ ಮೇಷ್ಟ್ರೇ. ಲೆಕ್ಕ ಬಾಯಲ್ಲೇ ಆಗುತ್ತೆ” ಎಂದರು. ಹನ್ನೆರಡರಲ್ಲಿ ಒಂದು ಪಾಲು. ಮುಂದಿನ ಇರಸಿನಿಂದ ಹಿಂದಿನ ಇರಸಿಗೆ 116 ಅಂಗುಲವಿತ್ತು. ಮಾದರಿಯಲ್ಲಿ ಅದು ಒಂಬತ್ತು ಅಂಗುಲ, ಮೇಲೆ ಮೂರರಲ್ಲಿ ಎರಡು ಪಾಲು. ಟೈರಿನ ಎತ್ತರ 28 ಅಂಗುಲ. ಮಾದರಿಯಲ್ಲಿ ಎರಡು ಅಂಗುಲ, ಮೇಲೆ ಮೂರರಲ್ಲಿ ಒಂದು ಪಾಲು. ಅಂಗುಲ ದಪ್ಪದ ಹಲಗೆಯು ಎರಡು ಮಿಲಿಮೀಟರಿಗೆ ತುಸು ಹೆಚ್ಚಾದ ಚಕ್ಕೆಯಾಯಿತು.

ಈ ಲೆಕ್ಕ ಹೊಸದಲ್ಲವೆಂದು ಹುಡುಗರಿಗೆ ತೋರಿಸಲು ಒಂದು ಭಾನುವಾರ ಅವರನ್ನು ತರೀಕೆರೆಗೆ ಸಮೀಪದ ಅಮೃತಾಪುರಕ್ಕೆ ಕರೆದುಕೊಂಡು ಹೋದೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ಅದರ ಹೊರಗೋಡೆಯನ್ನು ನೋಡಿ: ಗೋಡೆಯ ಮೇಲೆ ಸಾಲಾಗಿ ಪುಟ್ಟ ಪುಟ್ಟ ಗೋಪುರಗಳು. ದೊಡ್ಡ ಗುಡಿಯ ಮೈಮೇಲೆ ಅದೇ ಬಗೆಯ ಶಿಖರಗಳ ಚಿಕ್ಕ ಮಾದರಿಗಳು. ರೂವಾರಿ ಮಲ್ಲಿತಮ್ಮನು ಕೆಲಸ ಮಾಡಿದ ಗುಡಿಯಿದು. ಅಂಥ ಶಿಲ್ಪಿಗಳು ಕೈಯ ಲೆಕ್ಕದಲ್ಲಿ ಪ್ರಮಾಣವನ್ನು ಹಿಡಿದಿಟ್ಟಿದ್ದಾರೆ. ಚಿಕ್ಕದು ಮಾಡುವುದೆಂದರೆ ಕುಗ್ಗಿಸುವುದಲ್ಲ. ಭಾಗ ಭಾಗಕ್ಕಿರುವ ಸಂಬಂಧವನ್ನು ಕೆಡಿಸದಿರುವುದು. ಶೂದ್ರಕನ ‘ಮೃಚ್ಛಕಟಿಕ’ವೆಂಬ ನಾಟಕಕ್ಕೆ ಆ ಹೆಸರು ಬಂದದ್ದೇ ಮಣ್ಣಿನ ಆಟದ ಬಂಡಿಯಿಂದ. ಚಾರುದತ್ತನ ಮಗನು ನೆರೆಮನೆಯ ಚಿನ್ನದ ಬಂಡಿಯೇ ಬೇಕೆಂದು ಅಳುತ್ತಾನೆ. ವಸಂತಸೇನೆಯು ಮಣ್ಣಿನ ಬಂಡಿಯ ತುಂಬ ತನ್ನ ಒಡವೆಗಳನ್ನು ಹಾಕುತ್ತಾಳೆ. ಅದಕ್ಕೂ ಬಹು ಹಿಂದಿನ ಸಿಂಧೂ ಕಣಿವೆಯ ಊರುಗಳಲ್ಲಿಯೂ ಸುಟ್ಟ ಮಣ್ಣಿನ ಆಟದ ಬಂಡಿಗಳು ದೊರೆತಿವೆ. ಆ ಜನರ ನಿಜವಾದ ಮರದ ಬಂಡಿಗಳು ಮಣ್ಣುಪಾಲಾದವು. ಅವು ಹೇಗಿದ್ದವೆಂದು ನಮಗೆ ಮುಖ್ಯವಾಗಿ ತಿಳಿಸುವವು ಮಕ್ಕಳ ಆಟಿಕೆಗಳೇ.

ಇನ್ನು ಕಟ್ಟುವ ಕೆಲಸ. ಇದನ್ನು ನೀವೂ ಮನೆಯಲ್ಲಿ ಮಾಡಬಹುದಾದ್ದರಿಂದ ತುಸು ವಿವರವಾಗಿ ಹೇಳುತ್ತೇನೆ.

ತೇಗದ ಗಾಡಿಗೆ ತೇಗದ ಮಾದರಿಯೇ ಸರಿಯೆಂದು ನಾನು ಎಣಿಸಿದ್ದೆ. ಆಚಾರ್ಯರು ತೇಗದ ಚಕ್ಕೆಯೊಂದನ್ನು ಸೀಳಿ ತೋರಿಸಿದರು. ಮರದ ಗೆರೆಗಳು ನಮ್ಮ ಲೆಕ್ಕಕ್ಕೆ ಕಿರಿದಾಗುವುದಿಲ್ಲ; ಅಡಿಯಗಲದ ಹಲಗೆಯಲ್ಲಿ ಅಂದವಾಗಿ ಕಾಣುವ ಗೆರೆ ಅಂಗುಲದಗಲದ ಹಲಗೆಯಲ್ಲಿ ಹಾವಿನಂತೆ ಕಾಣುತ್ತದೆ. ಆದುದರಿಂದ ಗೆರೆ ಎದ್ದುಕಾಣದ ಮರ ಬೇಕು. ಚನ್ನಪಟ್ಟಣದ ಬೊಂಬೆಯವರು ಬಳಸುವ ಹಾಲೆಮರ ಇದಕ್ಕೆ ಹೇಳಿಮಾಡಿಸಿದ್ದು. ಬಿಳುಪು, ಮೃದು, ಉಳಿಗೆ ಒಗ್ಗುವ ಮರ. ಅದನ್ನು ತೋಪಡದಿಂದ ತೆಳ್ಳಗೆ ಸವರಿ, ಉಪ್ಪುಕಾಗದದಿಂದ ಉಜ್ಜಿ, ತೇಗದ ಬಣ್ಣ ಬಳಿದೆವು. ಟೈರುಗಳನ್ನು ಚರಕಿಗೆ ಕೊಟ್ಟು ಕಡೆಸಿದೆವು. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜುವ ಕಾವಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ನಮ್ಮ ಟೈರುಗಳಿಗೂ ಕರಿಯ ಅರಗನ್ನು ಹಾಗೆಯೇ ಹಿಡಿಸಿದೆವು.

ಹೆಚ್ಚು ಕಾಡಿದ್ದು ಕಮಾನುಪಟ್ಟಿಗಳು. ನಿಜವಾದ ಗಾಡಿಯಲ್ಲಿದ್ದಷ್ಟೇ ಪಟ್ಟಿಗಳನ್ನು, ಸರಿಯಾದ ಪ್ರಮಾಣದ ದಪ್ಪದಲ್ಲಿ, ತೆಳು ಉಕ್ಕಿನಿಂದ ಕತ್ತರಿಸಿ ಕೂಡಿಸಿದೆವು. ಗಾಡಿ ಕಟ್ಟಿಗೆಯಂತೆ ಬಿಗಿದು ನಿಂತಿತು, ಒತ್ತಿದರೂ ಬಾಗದು. ಲೆಕ್ಕದ ಮೇಷ್ಟರು ಕಾರಣ ಹೇಳಿದರು. ಉದ್ದವು ಹನ್ನೆರಡರಲ್ಲಿ ಒಂದು ಪಾಲಾದರೆ ಗಾತ್ರವೂ ತೂಕವೂ ಹನ್ನೆರಡರ ಘನದಲ್ಲಿ, ಎಂದರೆ 1,728ರಲ್ಲಿ, ಒಂದು ಪಾಲಾಗುತ್ತವೆ. ಪಟ್ಟಿಯ ಬಿಗುವು ಮಾತ್ರ ಅಷ್ಟು ಕುಗ್ಗದೆ ಹನ್ನೆರಡರಲ್ಲಿ ಒಂದು ಪಾಲಿಗೇ ನಿಲ್ಲುತ್ತದೆ. ಒಂದೂವರೆ ಟನ್ನಿನ ಗಾಡಿಯ ಸರಿಯಾದ ಮಾದರಿಯು ಒಂದು ಕಿಲೋಗ್ರಾಮನ್ನೂ ತೂಗದು. ಅಷ್ಟು ಹಗುರವಾದ ಮೈಗೆ ಉಕ್ಕಿನ ಕಮಾನು ಹೇಗೆ ಬಾಗೀತು? ಕೊನೆಗೆ ಮೇಲಿನ ಒಂದು ಪಟ್ಟಿಯನ್ನು ಮಾತ್ರ ಉಕ್ಕಿನದಾಗಿ ಉಳಿಸಿ ಉಳಿದವನ್ನು ರಟ್ಟಿನಿಂದ ಮಾಡಿದೆವು.

ಆದರೆ ಮಾದರಿಗೆ ಜೀವ ಕೊಡುವುದು ಕಂಪನಿಯ ಪಟ್ಟಿಯಲ್ಲಿ ಇಲ್ಲದ ಭಾಗಗಳು. ಆಚಾರ್ಯರ ತಂದೆಯವರು ಪಕ್ಕದ ಹಲಗೆಗಳನ್ನು ಕೂಡಿಸಿದ್ದು ಮೊಳೆಯಿಂದಲ್ಲ, ಎತ್ತಿನ ಗಾಡಿಯಲ್ಲಿ ಮಾಡುವಂತೆ ತೂತಿಗೆ ಮರದ ನಾಲಿಗೆ ಹೊಗಿಸಿ, ಬೆಣೆ ಹೊಡೆದು. ಏರುದಾರಿಯ ಕುಲುಕಾಟಕ್ಕೆ ಮೊಳೆ ಸಡಿಲವಾಗುತ್ತದೆ, ಬೆಣೆ ಬಿಗಿಯಾಗುತ್ತದೆ. ಹಿಂಬದಿಯ ಹಲಗೆಯ ಕೀಲುಗಳಿಗೆ ಗಾಡಿಯ ಕಡಾಣಿಯ ಆಕಾರವೇ ಇತ್ತು. ಪಕ್ಕದ ಹಲಗೆಯ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ಹಿಡಿಯುವಷ್ಟು ಗಾಡಿಗಳು ಬಿದ್ದಿದ್ದವು. “ಇದನ್ನೂ ಕೊರೆಯಬೇಕೆ ಸಾರ್?” ಎಂದು ಒಬ್ಬ ಹುಡುಗ ಕೇಳಿದ. ಕೊರೆಯದಿದ್ದರೆ ಆ ಗಾಡಿ ದುಡಿದದ್ದೆಂದು ಯಾರಿಗೆ ತಿಳಿಯಬೇಕು? ಹಳೆಯ ನಂಬರಿನ ಹಲಗೆಯಲ್ಲಿ ಮೈಸೂರು ಸಂಸ್ಥಾನದ ಕುರುಹಾದ ‘ಎಂ.ವೈ.’ ಅಕ್ಷರಗಳು ಮಸುಕಾಗಿದ್ದವು. ಅವನ್ನೂ ಮಸುಕಾಗಿಯೇ ಬರೆದೆವು. ಹೊಳೆಯುವ ಬಣ್ಣವನ್ನು ಬಳಸಲಿಲ್ಲ. ಚಿಕ್ಕ ವಸ್ತುವಿನ ಮೇಲೆ ಹೊಳಪು ದೊಡ್ಡದಾಗಿ ಕಂಡು ಅದನ್ನು ಆಟಿಕೆಯಾಗಿಸುತ್ತದೆ.

ಲೋಕದಲ್ಲಿ ಇಂಥ ಕೆಲಸವನ್ನು ಗಂಭೀರವಾಗಿ ಎಣಿಸಿದವರು ಉಂಟು. ಷೆವರ್ಲೆಯನ್ನು ಮಾಡಿದ ಜನರಲ್ ಮೋಟಾರ್ಸ್ ಕಂಪನಿಯೇ 1930ರಿಂದ 1968ರ ವರೆಗೆ ಅಮೆರಿಕದ ಹುಡುಗರಿಗಾಗಿ ಮಾದರಿ ಕಟ್ಟುವ ಸ್ಪರ್ಧೆಯನ್ನು ನಡೆಸಿ ವಿದ್ಯಾರ್ಥಿವೇತನಗಳನ್ನು ಕೊಟ್ಟಿತು. ಆರಂಭದಲ್ಲಿ ಹುಡುಗರು ಕಟ್ಟಬೇಕಾದದ್ದು ನೆಪೋಲಿಯನ್ ಕಾಲದ ಸಾರೋಟಿನ ಮಾದರಿ. ಕಾರಿನ ಸರದಿ ಆಮೇಲೆ ಬಂತು. ಸಾರೋಟನ್ನು ಕಟ್ಟಬಲ್ಲವನು ಕಾರನ್ನು ಕಟ್ಟಿಯಾನು ಎಂಬ ನಂಬಿಕೆ! ಕಾರಿನ ಮಾದರಿಗಳ ಪ್ರಮಾಣವೂ ನಮ್ಮ ಆಚಾರ್ಯರದೇ: ಒಂದಡಿಗೆ ಒಂದಂಗುಲ. 1958ರಲ್ಲಿ ಅಲ್ಲಿನ ಎ.ಎಂ.ಟಿ. ಎಂಬ ಕಂಪನಿಯು ಒಂದೇ ಪೆಟ್ಟಿಗೆಯಲ್ಲಿ ಮೂರು ಬಗೆಯ ಬಿಡಿಭಾಗಗಳನ್ನಿಟ್ಟು ಮಾರಿತು. ಹುಡುಗನು ಕಾರನ್ನು ಕಂಪನಿಯದರಂತೆಯಾದರೂ ಕಟ್ಟಬಹುದು, ತನ್ನ ಮನಸ್ಸಿನಂತೆಯಾದರೂ ಮಾರ್ಪಡಿಸಬಹುದು. ಮಾರ್ಪಾಡು ಅಲ್ಲಿ ಹವ್ಯಾಸ. ನಮ್ಮಲ್ಲಿ ಅದು ಹೊಟ್ಟೆಪಾಡಿನ ಅಗತ್ಯ. ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯಕ್ಕೆ ಹೋದಾಗ ರಸ್ತೆಯ ಆಸ್ಟಿನ್ ಕಾರೊಂದನ್ನು ಹಳಿಯ ಮೇಲೆ ಓಡುವಂತೆ ತಿದ್ದಿರುವುದನ್ನು ನೋಡಿ. ಅಗತ್ಯವು ಎಂಥ ಶಿಲ್ಪಿಯೆಂಬುದು ತಿಳಿಯುತ್ತದೆ.

ನಮ್ಮ ಮಾದರಿಯು ಮುಗಿಯುವ ಮೊದಲೇ ಒಂದು ಅನಾಹುತ ನಡೆಯಿತು. ಪರೀಕ್ಷೆಗಳು ಬಂದುದರಿಂದ ನಾವು ಒಂದು ತಿಂಗಳು ಆ ಹಿತ್ತಿಲಿಗೆ ಹೋಗಲಿಲ್ಲ. ಡ್ರೈವರ್ ಗೂಡಿನ ಒಳಭಾಗವನ್ನು ಅಳೆಯುವುದು ಬಾಕಿಯಿತ್ತು. ಹೋದಾಗ ಹುಣಿಸೆಮರದ ಕೆಳಗೆ ನಾಲ್ಕು ಇಟ್ಟಿಗೆಗಳೂ ಎಣ್ಣೆಯ ಕಲೆಯೂ ಇದ್ದವು, ಗಾಡಿ ಇರಲಿಲ್ಲ. ಗುಜರಿಯವರು ಕತ್ತರಿಸಿ ಒಯ್ದಿದ್ದರು. ಮನೆಯವರನ್ನು ದೂರಲಾರೆ, ಅವರಿಗೆ ಜಾಗ ಬೇಕಾಗಿತ್ತು, ಮತ್ತು ನಾವೂ ಹೇಳಿಟ್ಟಿರಲಿಲ್ಲ. ಮರದ ಪೆಟ್ಟಿಗೆಯ ಹಲಗೆಗಳು ಸೌದೆಯ ರಾಶಿಯಲ್ಲಿದ್ದವು. ಆಚಾರ್ಯರು ಒಂದು ಹಲಗೆಯನ್ನು ಎತ್ತಿ, ಬೆಣೆಯ ಜಾಗವನ್ನು ಹೆಬ್ಬೆರಳಿನಿಂದ ಒರಸಿ, ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದರು. ಏನೂ ಮಾತಾಡಲಿಲ್ಲ.

ಗೂಡಿನ ಒಳಭಾಗವನ್ನು ಏನು ಮಾಡುವುದು? ಅಮೆರಿಕದ ಪುಸ್ತಕವನ್ನು ನೋಡಿ ತುಂಬಿಬಿಡೋಣವೆಂದು ಒಬ್ಬ ಹುಡುಗ ಹೇಳಿದ. ಉಳಿದವರು ಒಪ್ಪಲಿಲ್ಲ. ನನ್ನ ತಪ್ಪಿನಿಂದ ಅವರು ಕಲಿತಿದ್ದರು. ವೃದ್ಧ ಡ್ರೈವರರ ಮನೆಗೆ ಹೋದೆವು. ಅವರಿಗೆ ಕಣ್ಣು ಮಂಜಾಗಿತ್ತು, ಕೈ ಮಂಜಾಗಿರಲಿಲ್ಲ. ಜಗಲಿಯ ಮೇಲೆ ಕುಳಿತು ಸ್ಟೇರಿಂಗು ಹಿಡಿದವರಂತೆ ಎರಡು ಕೈಗಳನ್ನೂ ಚಾಚಿದರು. “ಗೇರು ಇಲ್ಲಿ. ಕೈಬ್ರೇಕು ಇಲ್ಲಿ. ಗಾಜಿನ ಕೆಳಗೆ ದೇವರ ಪಟಕ್ಕೆ ಒಂದು ಹಲಗೆ ನಾನೇ ಹಾಕಿಸಿದ್ದೆ, ಇಷ್ಟು” ಎಂದು ಗೇಣು ಹಾಕಿ ತೋರಿಸಿದರು. ಒಬ್ಬ ಹುಡುಗ ಅವರ ಗೇಣನ್ನು ಟೇಪಿನಿಂದ ಅಳೆದ. ಇನ್ನೊಬ್ಬ ನೋಟುಪುಸ್ತಕದಲ್ಲಿ ಬರೆದುಕೊಂಡ. ಎಂಟೂಮುಕ್ಕಾಲು ಅಂಗುಲ. ಮಾದರಿಯಲ್ಲಿ ಅದು ಮುಕ್ಕಾಲು ಅಂಗುಲಕ್ಕೂ ತುಸು ಕಡಿಮೆ. ಅವರಿಗೆ ನೆನಪಾಗದ ಭಾಗವನ್ನು ನಾವು ಬರಿದಾಗಿಯೇ ಬಿಟ್ಟೆವು.

ಆ ಮಾದರಿ ಈಗ ನಮ್ಮ ಶಾಲೆಯ ಗಾಜಿನ ಬೀರುವಿನಲ್ಲಿದೆ. ಸ್ಟೇರಿಂಗು ಬಲಗಡೆಗಿದೆ. ನೋಟುಪುಸ್ತಕವನ್ನು ಅದರ ಪಕ್ಕದಲ್ಲಿಯೇ ಇಟ್ಟಿದ್ದೇವೆ. ಎರಡರಲ್ಲಿ ಬೆಲೆಯುಳ್ಳದ್ದು ಅದೇ ಎಂದು ನನ್ನ ಭಾವನೆ.

ವಾಚಕ ಮಹಾಶಯರೆ, ನಿಮ್ಮ ಊರಿನಲ್ಲಿಯೂ ಯಾವುದೋ ಹಿತ್ತಿಲಿನಲ್ಲಿ ಗಾಡಿಯೊಂದು, ಗಾಣವೊಂದು, ಏತವೊಂದು, ಮುರಿದ ಜಟಕಾ ಒಂದು ನಿಂತಿರಬಹುದು. ಅದನ್ನು ಉಳಿಸಲು ಎಲ್ಲರಿಗೂ ಜಾಗವಿಲ್ಲ, ಹಣವಿಲ್ಲ, ಅದು ನಿಜ. ಆದರೆ ಅಳೆಯಲು ಒಂದು ಭಾನುವಾರ ಸಾಕು. ಮಕ್ಕಳ ಕೈಗೆ ಟೇಪನ್ನೂ ಸೀಸದ ಕಡ್ಡಿಯನ್ನೂ ಕೊಡಿ. ಅದನ್ನು ಕಟ್ಟಿದವರು, ಓಡಿಸಿದವರು ಇದ್ದರೆ ಜೊತೆಗೆ ಕೂರಿಸಿ. ಪರೀಕ್ಷೆ ಮುಗಿಯಲಿ ಎಂದು ಮಾತ್ರ ಕಾಯಬೇಡಿ.